ಹರಕೆಯನ್ನು ಮನೆಯವರು ಹೊರಲಿ, ಆಕೆ ಊಟ ಮಾಡಲಿ

ಎರಡು ಪುಟ್ಟ ಮಕ್ಕಳ ತಾಯಿಗೆ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಮೊದಲ ವಾರ ಏನೇನು ನಡೆಯುತ್ತದೆ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ಜಾತಕ ಹಿಡಿದು ಜೋಯಿಸರ ಮನೆಗೆ ಹೊರಡುತ್ತಾರೆ. ಅತ್ತೆ ಶಿರಸಿಯ ಮಾರಿಕಾಂಬೆಗೆ ಉಡಿ ತುಂಬುವ ಹರಕೆ ಹೊರುತ್ತಾರೆ. ತವರಿನವರು ಬನವಾಸಿಯ ಮಧುಕೇಶ್ವರನಿಗೆ ರುದ್ರಾಭಿಷೇಕ ಹೇಳಿಸುತ್ತಾರೆ. ನೆಂಟರೊಬ್ಬರು ನಾಟಿ ಔಷಧಿಯ ವಿಳಾಸ ಬರೆದುಕೊಡುತ್ತಾರೆ. ಗಂಡ ಹುಬ್ಬಳ್ಳಿಯೋ, ಮಣಿಪಾಲವೋ, ಬೆಂಗಳೂರೋ ಎಂದು ಲೆಕ್ಕ ಹಾಕುತ್ತಾ ಕೂರುತ್ತಾನೆ. ಎಲ್ಲರೂ ಆಕೆಯ ಒಳ್ಳೆಯದಕ್ಕಾಗಿಯೇ ಓಡಾಡುತ್ತಾರೆ. ಆದರೆ ಆಕೆಗೆ ಏನು ಬೇಕು ಎಂದು ಕೇಳುವವರು ಕಡಿಮೆ.

'ದೇವರನ್ನು ನಂಬಬೇಕೋ, ವೈದ್ಯರನ್ನು ನಂಬಬೇಕೋ' ಎಂಬ ಚರ್ಚೆ ಹಳೆಯದು. ಇಂಥ ಮನೆಗೆ ಆ ಚರ್ಚೆಯಿಂದ ಏನೂ ಪ್ರಯೋಜನವಿಲ್ಲ. ನಮ್ಮ ಜನರಲ್ಲಿ ಹೆಚ್ಚಿನವರು ಇಬ್ಬರನ್ನೂ ನಂಬುತ್ತಾರೆ, ನಂಬಲಿ. ಕೇಳಬೇಕಾದ ಪ್ರಶ್ನೆ ಬೇರೆ. ಮನೆಯ ನಂಬಿಕೆ ಆ ತಾಯಿಗೆ ಆಸರೆಯಾಗುತ್ತಿದೆಯೇ, ಇಲ್ಲವೇ ಮೊದಲೇ ಬಳಲಿದ ಆಕೆಯ ಹೆಗಲಿಗೆ ಇನ್ನೊಂದು ಹೊರೆಯಾಗುತ್ತಿದೆಯೇ?

ಕ್ಯಾನ್ಸರ್ ಮುದುಕರ ಕಾಯಿಲೆ ಎಂಬ ಭಾವನೆ ಇನ್ನೂ ಹೋಗಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಇದು ಕಡಿಮೆ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು. ಹಾಲೂಡುವ ತಾಯಿಗೆ ಸ್ತನದಲ್ಲಿ ಗಂಟು ಸಿಕ್ಕರೆ 'ಹಾಲು ಕಟ್ಟಿದೆ' ಎಂದು ಬಿಟ್ಟುಬಿಡುವುದುಂಟು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ ಎಂಬುದು ನಿಜ. ಆದರೆ ಎರಡು ವಾರ ಕಳೆದರೂ ಕರಗದ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು.

ನಂಬಿಕೆಯಿಂದ ಆಗುವ ಮೊದಲ ತೊಂದರೆ ವಿಳಂಬ. ಪ್ರಶ್ನೆ ಕೇಳಿ, ಶಾಂತಿ ಮಾಡಿಸಿ, ನಾಟಿ ಔಷಧಿ ಒಂದು ಮಂಡಲ ಕುಡಿದು ನೋಡಿ, ಆಮೇಲೆ ಆಸ್ಪತ್ರೆ ಎನ್ನುವ ಕ್ರಮ ಅಪಾಯಕಾರಿ. ನಮ್ಮ ಪಕ್ಕದ ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೂ ದೇಶದ ನಾನಾ ಕಡೆಯಿಂದ ಕ್ಯಾನ್ಸರ್ ರೋಗಿಗಳು ಬಂದು ಸಾಲು ನಿಲ್ಲುತ್ತಿದ್ದರು. ಆ ಸಾಲಿನಲ್ಲಿದ್ದವರನ್ನು ಮೂಢರೆಂದು ಹಳಿಯುವುದು ಸರಿಯಲ್ಲ, ಅವರಿಗೆ ಬೇಕಿದ್ದುದು ಒಂದಿಷ್ಟು ಭರವಸೆ. ಆದರೆ ಗಂಟು ಚಿಕ್ಕದಿರುವಾಗ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದದ್ದು ಮೂಳೆಗೆ, ಯಕೃತ್ತಿಗೆ ಹರಡಿದ ಮೇಲೆ ಚಿಕಿತ್ಸೆಯ ಗುರಿಯೇ ಬದಲಾಗುತ್ತದೆ. ಕಳೆದ ಮೂರು ತಿಂಗಳನ್ನು ಯಾವ ವೈದ್ಯರೂ ಹಿಂದಕ್ಕೆ ತಂದುಕೊಡಲಾರರು.

ಇಲ್ಲಿ ಹರಕೆಯ ಪದ್ಧತಿಯೇ ನಮಗೆ ದಾರಿ ತೋರಿಸುತ್ತದೆ. ಹರಕೆ ಹೊರುವುದಕ್ಕೆ ಒಂದು ಗಳಿಗೆ ಸಾಕು. ತೀರಿಸುವುದು ಗುಣವಾದ ಮೇಲೆ. ಮುಡಿಪು ಕಟ್ಟಿ ದೇವರ ಮುಂದಿಟ್ಟು ಅದೇ ದಿನ ಹುಬ್ಬಳ್ಳಿಯ ಬಸ್ಸು ಹತ್ತಬಹುದು. ಯಾವ ದೇವರೂ ತಡೆಯುವುದಿಲ್ಲ.

ಎರಡನೆಯದು ದೇಹಕ್ಕೆ ಬೀಳುವ ಹೊರೆ. ಕೀಮೋಥೆರಪಿ ಔಷಧಿಯನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ಔಷಧಿ ಪಡೆದ ಏಳರಿಂದ ಹದಿನಾಲ್ಕು ದಿನಗಳ ನಡುವೆ ರಕ್ತದಲ್ಲಿ ಬಿಳಿಕಣಗಳು ತೀರಾ ಇಳಿಯುತ್ತವೆ. ಸೋಂಕನ್ನು ಎದುರಿಸುವ ಶಕ್ತಿ ಆಗ ಕಡಿಮೆ. ಅದರ ಜೊತೆಗೆ ವಾಂತಿ, ಬಾಯಿಹುಣ್ಣು, ಸುಸ್ತು ಬೇರೆ. ಇಂಥ ದಿನಗಳಲ್ಲಿ ಸೋಮವಾರ ಒಪ್ಪತ್ತು, ಏಕಾದಶಿಗೆ ನಿರಾಹಾರ, ಮುಂಜಾನೆ ತಣ್ಣೀರು ಸ್ನಾನ, ಒದ್ದೆ ಬಟ್ಟೆಯಲ್ಲಿ ಪ್ರದಕ್ಷಿಣೆ ಎಂದರೆ ಆಕೆಯ ಗತಿಯೇನು? ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ಜನಜಂಗುಳಿಯಲ್ಲಿ ಆಕೆ ನಿಲ್ಲಲೇಬೇಕೆಂದು ಒತ್ತಾಯಿಸುವುದು ಸಲ್ಲದು. ಆಕೆಯ ಪರವಾಗಿ ಗಂಡ ಹೋಗಿ ಬರಲಿ, ಕುಂಕುಮ ತಂದು ಹಣೆಗಿಡಲಿ.

ಉಪವಾಸ ಮಾಡಲೇಬೇಕು ಎಂದಿದ್ದರೆ ಮನೆಯ ಗಟ್ಟಿಮುಟ್ಟಾದವರು ಮಾಡಲಿ. ರೋಗಿಗೆ ವಿನಾಯಿತಿ ಎಲ್ಲ ಧರ್ಮಗಳಲ್ಲೂ ಇದೆ. ರಂಜಾನ್ ತಿಂಗಳಲ್ಲಿ ಕಾಯಿಲೆಯವರು ರೋಜಾ ಬಿಡಬಹುದೆಂದು ಇಸ್ಲಾಂ ಸ್ಪಷ್ಟವಾಗಿ ಹೇಳುತ್ತದೆ. ತಪಸ್ಸು ಕಾಲದ ಉಪವಾಸದಿಂದ ಕ್ರೈಸ್ತ ರೋಗಿಗಳಿಗೂ ಬಿಡುಗಡೆಯಿದೆ. ಆಕೆಗೆ ಬೇಕಾದದ್ದು ಹೊಟ್ಟೆ ತುಂಬ ಊಟ. ಗಂಜಿ, ಬೇಳೆ, ಮೊಟ್ಟೆ ತಿನ್ನುವವರಿಗೆ ಬೆಂದ ಮೊಟ್ಟೆ, ಕಾದಾರಿದ ನೀರು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ. ಹಸಿ ಸೊಪ್ಪಿನ ತಂಬುಳಿ ಮಾಡುವುದಾದರೆ ಸೊಪ್ಪನ್ನು ಚೆನ್ನಾಗಿ ತೊಳೆದು, ಬೇಯಿಸಿ, ಆಗಿಂದಾಗ್ಗೆ ಮಾಡಿಕೊಡಿ. ಕಲ್ಯಾಣಿಯ, ಹೊಳೆಯ ನೀರನ್ನು ತೀರ್ಥವೆಂದು ಕುಡಿಸಬೇಡಿ. ಕಷಾಯ, ಬೇರು, ಭಸ್ಮ ಏನೇ ಕೊಟ್ಟರೂ ವೈದ್ಯರಿಗೆ ತಿಳಿಸದೆ ಕೊಡಬೇಡಿ. ಕೆಲವು ಔಷಧಿಗಳೊಂದಿಗೆ ಅವು ಸೇರಿದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ.

ಒಂದು ಮಾತನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ಕೀಮೋಥೆರಪಿ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಕಾಡಿನ ನಡುವಿನ ಒಂಟಿಮನೆಯವರು ಯಾರ ಗಾಡಿ, ಯಾವ ಆಸ್ಪತ್ರೆ ಎಂಬುದನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಬೇಕು.

ಮೂರನೆಯ ಹೊರೆ ಎಲ್ಲಕ್ಕಿಂತ ಭಾರ. ಅದು ಆಪಾದನೆ. 'ಯಾವ ಜನ್ಮದ ಕರ್ಮವೋ', 'ನಾಗನಿಗೆ ಅಪಚಾರವಾಗಿದೆ', 'ಮುಟ್ಟಿನಲ್ಲಿ ಮಡಿ ನೋಡಲಿಲ್ಲ', 'ಈಕೆ ಕಾಲಿಟ್ಟ ಮೇಲೆ ಮನೆಗೆ ಒಂದಲ್ಲ ಒಂದು' ಎಂಬ ಮಾತುಗಳು ಅಡುಗೆಮನೆಯಿಂದ ಆಕೆಯ ಹಾಸಿಗೆಯವರೆಗೆ ಕೇಳಿಸುತ್ತವೆ. ಕ್ಯಾನ್ಸರ್ ಬರುವುದು ಜೀವಕೋಶದ ವಂಶವಾಹಿಗಳಲ್ಲಿ ಆಗುವ ಏರುಪೇರಿನಿಂದ. ಸ್ತನ ಕ್ಯಾನ್ಸರಿನಲ್ಲಿ ತಂದೆತಾಯಿಯಿಂದ ಬಂದ ದೋಷ ಕಾರಣವಾಗಿರುವುದು ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಮಾತ್ರ. ಮಡಿ ತಪ್ಪಿದ್ದರಿಂದ ಯಾರಿಗೂ ಕ್ಯಾನ್ಸರ್ ಬಂದಿಲ್ಲ. ದೇವರು ನನ್ನ ಜೊತೆಗಿದ್ದಾನೆ ಎಂದುಕೊಳ್ಳುವ ರೋಗಿಗೆ ನೆಮ್ಮದಿ ಹೆಚ್ಚು, ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ ಎಂದುಕೊಳ್ಳುವ ರೋಗಿಗೆ ಖಿನ್ನತೆ ಹೆಚ್ಚು ಎಂಬುದನ್ನು ಮನೋವೈದ್ಯಕೀಯ ಅಧ್ಯಯನಗಳು ಗುರುತಿಸಿವೆ. ಈ ಎರಡರಲ್ಲಿ ಯಾವುದನ್ನು ಆಕೆಯ ತಲೆಗೆ ತುಂಬುತ್ತಿದ್ದೇವೆ ಎಂದು ಮನೆಯವರು ಯೋಚಿಸಬೇಕು.

ಕೂದಲಿನ ವಿಷಯವೂ ಹೀಗೆಯೇ. ಕೆಲವು ಔಷಧಿಗಳಿಂದ ಎರಡು ಮೂರು ವಾರಗಳಲ್ಲಿ ತಲೆಗೂದಲು ಉದುರುತ್ತದೆ. ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುತ್ತಿದ್ದ ಕಾಲವನ್ನು ಕೇಳಿ ಬಲ್ಲ ಹಿರಿಯರಿಗೆ ಮುತ್ತೈದೆಯ ಬೋಳುತಲೆ ಅಪಶಕುನವಾಗಿ ಕಾಣಬಹುದು. ಅರಿಸಿನ ಕುಂಕುಮಕ್ಕೆ ಆಕೆಯನ್ನು ಕರೆಯಲು ಹಿಂಜರಿಯಬಹುದು. ಧರ್ಮಸ್ಥಳದಲ್ಲಿ, ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಹೆಂಗಸರನ್ನು ನಾವೇ ಗೌರವದಿಂದ ಕಾಣುವುದಿಲ್ಲವೇ? ಚಿಕಿತ್ಸೆ ಮುಗಿದ ಕೆಲವೇ ತಿಂಗಳಲ್ಲಿ ಕೂದಲು ಮತ್ತೆ ಹುಟ್ಟುತ್ತದೆ. ಅಲ್ಲಿಯವರೆಗೆ ಆಕೆಯನ್ನು ಮೊದಲಿನಂತೆಯೇ ಕರೆಯಿರಿ, ಕೂರಿಸಿ ಮಾತಾಡಿಸಿ.

ಮಕ್ಕಳಿಗೆ ಏನು ಹೇಳುವುದು? 'ಆಯಿ, ನಿಂಗೆ ಎಂತಾ ಆಯ್ದು?' ಎಂದು ಮಗು ಕೇಳಿದರೆ 'ಏನಿಲ್ಲ' ಎಂದು ಅಟ್ಟಬಾರದು. ಸುಳ್ಳು ಮಗುವಿಗೆ ಬೇಗ ತಿಳಿಯುತ್ತದೆ. ತಾನು ಹಟ ಮಾಡಿದ್ದಕ್ಕೇ ತಾಯಿಗೆ ಹೀಗಾಯಿತು ಎಂದೂ ಅದು ಭಾವಿಸಬಹುದು. ಆಯಿಗೆ ಕಾಯಿಲೆ ಬಂದಿದೆ, ಇದು ನಿನ್ನಿಂದ ಆದದ್ದಲ್ಲ, ಔಷಧಿ ನಡೆಯುತ್ತಿದೆ, ನಿನ್ನನ್ನು ಶಾಲೆಗೆ ಅಜ್ಜಿ ಬಿಡುತ್ತಾರೆ ಎಂದು ಸರಳವಾಗಿ ಹೇಳಿ. ಕ್ಯಾನ್ಸರ್ ಅಂಟುರೋಗವಲ್ಲ. ಹೊರಗಿನ ಯಂತ್ರದಿಂದ ವಿಕಿರಣ ಚಿಕಿತ್ಸೆ ಪಡೆದು ಬಂದ ತಾಯಿ ಮಗುವನ್ನು ಧಾರಾಳವಾಗಿ ಅಪ್ಪಿಕೊಳ್ಳಬಹುದು. ಕೀಮೋಥೆರಪಿಯ ಅವಧಿಯಲ್ಲಿ ಎದೆಹಾಲು ಮಾತ್ರ ಕೊಡುವಂತಿಲ್ಲ. ಮಗುವಿಗೆ ನೆಗಡಿ, ಜ್ವರ ಇರುವಾಗ ಸ್ವಲ್ಪ ದೂರವಿದ್ದರೆ ಸಾಕು.

ನಂಬಿಕೆ ಎಂದರೆ ದೇವರ ಕೋಣೆಯಷ್ಟೇ ಅಲ್ಲ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಅವರು ವೈದ್ಯೆ, ಲೇಖಕಿ, ಇಬ್ಬರು ಹೆಣ್ಣುಮಕ್ಕಳ ತಾಯಿ. 'ತಾಯಿ-ಮಗು' ಬರೆದು ಒಂದು ತಲೆಮಾರಿನ ತಾಯಂದಿರಿಗೆ ಧೈರ್ಯ ಹೇಳಿದವರು. ಕ್ಯಾನ್ಸರಿಗೆ ತುತ್ತಾದ ಮೇಲೂ ಬರೆವಣಿಗೆ ಬಿಡಲಿಲ್ಲ. 1991ರಲ್ಲಿ ತೀರಿಕೊಂಡರು. ಒಬ್ಬರಿಗೆ ಆಸರೆ ಬರೆವಣಿಗೆ, ಇನ್ನೊಬ್ಬರಿಗೆ ಭಜನೆ, ಮತ್ತೊಬ್ಬರಿಗೆ ಹಿತ್ತಿಲ ಹೂಗಿಡ. ಆಕೆ ದೇವರ ಮುಂದೆ ಕೂರುತ್ತೇನೆ ಎಂದರೆ ಕುರ್ಚಿ ಹಾಕಿಕೊಡಿ. ಇವತ್ತು ಬೇಡ ಎಂದರೆ ಒತ್ತಾಯಿಸಬೇಡಿ. ದೇವರ ಮೇಲೆ ಸಿಟ್ಟು ಬಂದಿದೆ ಎಂದರೆ ಅದನ್ನೂ ಕೇಳಿಸಿಕೊಳ್ಳಿ. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಉಳಿದದ್ದು ಕೆಲಸ. ಶಿರಸಿಯಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಸುಮಾರು 100 ಕಿ.ಮೀ., ಬೆಂಗಳೂರಿನ ಕಿದ್ವಾಯಿಗೆ ಸುಮಾರು 400 ಕಿ.ಮೀ. ವಿಕಿರಣ ಚಿಕಿತ್ಸೆಗೆ ವಾರಕ್ಕೆ ಐದು ದಿನದಂತೆ ಮೂರರಿಂದ ಆರು ವಾರ ಅಲ್ಲಿಯೇ ಉಳಿಯಬೇಕಾಗಬಹುದು. ಆಗ ಕೊಟ್ಟಿಗೆ ಯಾರದು, ಕೊನೆಕೊಯ್ಲು ಯಾರದು, ಮಕ್ಕಳ ಊಟ ಯಾರದು? ಬಿತ್ತನೆಗೆ, ಕೊಯ್ಲಿಗೆ ಮುಯ್ಯಾಳು ಹೋಗುವ ಪದ್ಧತಿ ನಮ್ಮಲ್ಲಿದೆ. ರೋಗ ಬಂದ ಮನೆಗೂ ಮುಯ್ಯಾಳಾಗಿ ಹೋಗೋಣ. ಒಬ್ಬರು ಹಾಲು ಕರೆಯಲಿ, ಒಬ್ಬರು ಮಕ್ಕಳನ್ನು ನೋಡಿಕೊಳ್ಳಲಿ, ಒಬ್ಬರು ಆಸ್ಪತ್ರೆಗೆ ಜೊತೆಯಾಗಲಿ. ಗಂಡ ಅನ್ನ ಬೇಯಿಸುವುದನ್ನು ಕಲಿಯಲಿ. ಖರ್ಚಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ರಷ್ಟು ನೆರವು. ಚಿಕಿತ್ಸೆಗೆ ಹೊರಡುವ ಮೊದಲೇ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ವಿಚಾರಿಸಿ, ಪಡಿತರ ಚೀಟಿ, ಆಧಾರ್ ಜೊತೆಗಿಟ್ಟುಕೊಳ್ಳಿ.

ಹರಕೆ ಹೊರಬೇಡಿ ಎಂದು ಹೇಳುತ್ತಿಲ್ಲ. ಹೊರುವುದಾದರೆ ಇಂಥದನ್ನು ಹೊರಿ: ಚಿಕಿತ್ಸೆಯ ಒಂದು ಸುತ್ತೂ ತಪ್ಪದಂತೆ ಕರೆದೊಯ್ಯುತ್ತೇವೆ, ಒಂದು ಕೊಂಕು ಮಾತನ್ನೂ ಆಡುವುದಿಲ್ಲ, ಮಕ್ಕಳನ್ನು ಹಸಿದಿರಲು ಬಿಡುವುದಿಲ್ಲ. ಕಾಯಿಲೆ ಹೇಗೆ ಮುಗಿಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಈ ಹರಕೆಯನ್ನು ತೀರಿಸುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.