ಕಪ್ಪು ಕಲ್ಲೆಲ್ಲ ಎಣ್ಣೆಯ ತಾಯಿಯೆ?

ಮಲಪ್ರಭೆಯು ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು ಹರಿಯುವುದನ್ನು ವಿದ್ಯಾರ್ಥಿಗಳನೇಕರು ಕಂಡಿರಬಹುದು. ಈ ಸೀಮೆಯ ಶಿಲೆಗಳನ್ನು 1876ರಲ್ಲಿ ವಿವರವಾಗಿ ವರ್ಣಿಸಿದವನು ರಾಬರ್ಟ್ ಬ್ರೂಸ್ ಫೂಟ್. ಕಲಾದಗಿ ಶಿಲಾಸಮೂಹವೆಂದು ಹೆಸರಾದ ಇವುಗಳಲ್ಲಿ ಒಂದು ಬೆಣಚುಶಿಲೆಗೆ ಸವದತ್ತಿಯ ಹೆಸರೂ, ಅದನ್ನೊಳಗೊಂಡ ಸ್ತರಗಳಿಗೆ ರಾಮದುರ್ಗದ ಹೆಸರೂ, ಜೇಡಿಶಿಲೆಯೊಂದಕ್ಕೆ ಮನೋಳಿಯ, ಎಂದರೆ ಮುನವಳ್ಳಿಯ, ಹೆಸರೂ ಇವೆ.

ಭಾರತದ 26 ಜಲಜಶಿಲಾ ದ್ರೋಣಿಗಳ ಪಟ್ಟಿಯಲ್ಲಿ ಭೀಮಾ-ಕಲಾದಗಿಯೂ ಸೇರಿದೆ. ಇಷ್ಟನ್ನೇ ಕೇಳಿ, ನಮ್ಮ ಕಾಲಡಿಯಲ್ಲಿ ಪೆಟ್ರೋಲಿಯಂ ಇದೆಯೆಂದು ಹಿಗ್ಗುವವರುಂಟು. ನೂರು ಕೋಟಿ ವರ್ಷಗಳಿಗೂ ಹಳೆಯ ಕಲ್ಲಿನಲ್ಲಿ ಎಣ್ಣೆಯೆಲ್ಲಿಯದೆಂದು ನಗುವವರೂ ಉಂಟು. ಇಬ್ಬರದೂ ಅವಸರವೆಂದೇ ನಮ್ಮ ಮತ. ಆಸ್ಟ್ರೇಲಿಯದಲ್ಲಿ ಸುಮಾರು 140 ಕೋಟಿ ವರ್ಷಗಳ ಜೇಡಿಶಿಲೆಯಲ್ಲಿ ಎಣ್ಣೆ ದೊರೆತಿದೆ. ರಾಜಸ್ಥಾನದ ಬಾಘೇವಾಲಾದಲ್ಲಿ 1991ರಲ್ಲಿ ಸಿಕ್ಕಿದ ಮಂದವಾದ ಎಣ್ಣೆಯೂ 50 ಕೋಟಿ ವರ್ಷಗಳಿಗೆ ಹಿಂದಿನ ಸ್ತರಗಳದು. ಮುಪ್ಪು ಒಂದೇ ದೋಷವಲ್ಲ.

ಬಣ್ಣವಂತೂ ಸಾಕ್ಷಿಯೇ ಅಲ್ಲ. ಬೈಲಹೊಂಗಲದ ಎರೆಭೂಮಿ ಕಪ್ಪಾಗಿರುವುದು ಎಣ್ಣೆಯಿಂದಲ್ಲ. ಬೈಲಹೊಂಗಲ, ಕಿತ್ತೂರುಗಳ ಕಡೆಯ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು; ಭೂಗರ್ಭದ ಕಾವಿನಲ್ಲಿ ಬೆಂದು ರೂಪಾಂತರ ಹೊಂದಿದವು. ಇಂಥ ಶಿಲೆ ಕರಿದಾಗಿದ್ದರೂ ಅದು ಗ್ರಾಫೈಟಿನ ಕಪ್ಪಿರಬಹುದು. ಗ್ರಾಫೈಟಾದ ಇಂಗಾಲ ಎಣ್ಣೆ ಕೊಡಲಾರದು.

ಹಾಗಾದರೆ ಪರೀಕ್ಷೆಯೇನು? ಮೊದಲು ಸಾವಯವ ಇಂಗಾಲವನ್ನು ಅಳೆಯತಕ್ಕದ್ದು. ಅದು ತೂಕದಲ್ಲಿ ಶೇಕಡ ಅರ್ಧಕ್ಕಿಂತ ಕಡಮೆಯಿದ್ದರೆ ಆಸೆ ಬಿಡಬಹುದು. ಎರಡನ್ನು ಮೀರಿದರೆ ಒಳ್ಳೆಯ ಶಿಲೆ. ಬಳಿಕ ಚಿಟಿಕೆಯಷ್ಟು ಪುಡಿಯನ್ನು ಗಾಳಿ ಸೋಂಕದಂತೆ ಕ್ರಮವಾಗಿ ಕಾಯಿಸಬೇಕು. ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಗಲೇ ಹುಟ್ಟಿರುವ ಎಣ್ಣೆ ಆವಿಯಾಗುತ್ತದೆ. ಕಾವೇರಿದಂತೆ ಕೆರೋಜೆನ್ ಎಂಬ ಸಾವಯವ ದ್ರವ್ಯ ಒಡೆದು ಹೊಸ ಎಣ್ಣೆ, ಅನಿಲಗಳನ್ನು ಬಿಡುತ್ತದೆ. ಈ ಎರಡನೆಯ ಬಿಡುಗಡೆ ಅತ್ಯಧಿಕವಾಗುವ ಉಷ್ಣತೆ ಸುಮಾರು 435ಕ್ಕಿಂತ ಕೆಳಗಿದ್ದರೆ ಶಿಲೆ ಇನ್ನೂ ಕಾಯಿ. 470 ದಾಟಿದರೆ ಎಣ್ಣೆಯ ಕಾಲ ಮುಗಿದಿದೆ, ಉಳಿದದ್ದು ಅನಿಲವಷ್ಟೆ. ಮರದ ಅವಶೇಷಗಳ ಹೊಳಪನ್ನಳೆದು ಶಿಲೆಯ ಪಕ್ವತೆ ತಿಳಿಯುವ ಪ್ರಸಿದ್ಧ ವಿಧಾನ ಇಲ್ಲಿ ನಡೆಯದು. ಈ ಕೆಸರು ತಳಕ್ಕಿಳಿದಾಗ ನೆಲದ ಮೇಲೆ ಮರಗಳೇ ಇರಲಿಲ್ಲ!

ನಮ್ಮ ಅಂದಾಜು ನಿರಾಶೆಯತ್ತಲೇ ವಾಲುತ್ತದೆ. ಈ ಸ್ತರಗಳು ಮಡಿಕೆಬಿದ್ದಿವೆ, ಗಡಸಾಗಿವೆ. ಆದರೆ ಅಂದಾಜು ಅಳತೆಯಲ್ಲ. ಸಾವಿರಾರು ಮೀಟರು ಕೊರೆಯಿಸಿರೆಂದು ಸರಕಾರವನ್ನು ಬೇಡುವ ಮುನ್ನ ಈ ಚಿಟಿಕೆ ಪುಡಿಯ ಖರ್ಚನ್ನು ಮಾಡಿಸತಕ್ಕದ್ದು.

ಮಾದರಿಯನ್ನು ರಸ್ತೆಯ ಬದಿಯಿಂದ ಆಯಬಾರದು. ಬಿಸಿಲುಮಳೆಗಳಿಗೆ ಸಿಕ್ಕಿದ ಕಲ್ಲಿನಲ್ಲಿ ಇಂಗಾಲ ಸವೆದಿರುತ್ತದೆ. ರಾಮದುರ್ಗದ ರೈತರ ಕೊಳವೆಬಾವಿಗಳಿಂದ ಹೊರಬೀಳುವ ಪುಡಿ ಇದಕ್ಕಿಂತ ಮೇಲು. ಊರು, ಆಳಗಳನ್ನು ಚೀಟಿಯಲ್ಲಿ ಬರೆದು ಅದನ್ನು ಕೂಡಿಡುವುದು ಕಾಲೇಜಿನ ಹುಡುಗರಿಗೂ ಸಾಧ್ಯ. ಕೊರೆಯುವ ಯಂತ್ರದ ಎಣ್ಣೆ ಮಾತ್ರ ಪುಡಿಗೆ ತಾಗದಿರಲಿ. ತಾಗಿತೋ, ಪ್ರಯೋಗಶಾಲೆಯಲ್ಲಿ ಪೆಟ್ರೋಲಿಯಂ ಸಿಕ್ಕಿಯೇ ಸಿಗುತ್ತದೆ.