ಏರಿಳಿತದ ಲೆಕ್ಕ ಯಾರಿಗಾಗಿ?

ಸರಕಾರ ಸಾಲ ಮಾಡಿದರೆ ನಮಗೇನು ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ. ನಮಗೇನು ಎಂಬುದನ್ನೇ ಇಂದು ಹೇಳಬೇಕಾಗಿದೆ. ಮಿಲ್ಲಿನ ಕಾರ್ಮಿಕನ ಸಂಬಳದಿಂದ ತಿಂಗಳು ತಿಂಗಳೂ ಹಿಡಿಯುವ ಪ್ರಾವಿಡೆಂಟ್ ಫಂಡಿನ ದೊಡ್ಡ ಪಾಲು ಸೇರುವುದು ಸರಕಾರದ ಸಾಲಪತ್ರಗಳಿಗೆ. ಸಣ್ಣ ವ್ಯಾಪಾರಿ ಬ್ಯಾಂಕಿಗೆ ತೆರುವ ಬಡ್ಡಿಯೂ ಬಹುಮಟ್ಟಿಗೆ ಆ ಪತ್ರಗಳ ದರದ ಜೊತೆಯಲ್ಲೇ ಏರುತ್ತದೆ, ಇಳಿಯುತ್ತದೆ.

ಈ ದರದ ಗುಟ್ಟು ಹುಂಡಿಯನ್ನು ವಟ್ಟಕ್ಕೆ ಮಾರಿದವರಿಗೆ ಹೊಸದಲ್ಲ. ನೂರು ರೂಪಾಯಿಯ ಪತ್ರಕ್ಕೆ ವರ್ಷಕ್ಕೆ ಏಳು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಪೇಟೆಯಲ್ಲಿ ಅದು ತೊಂಬತ್ತಕ್ಕೇ ಸಿಕ್ಕರೆ, ಕೊಂಡವನಿಗೆ ತೊಂಬತ್ತರ ಮೇಲೆ ಏಳು ಬಂದಂತಾಯಿತು. ಅಂದರೆ ನೂರಕ್ಕೆ ಸುಮಾರು ಏಳೂಮುಕ್ಕಾಲು. ಇದಕ್ಕೆ ಇಳುವರಿ ಎಂದು ಹೆಸರು. ಪತ್ರದ ಬೆಲೆ ಬಿದ್ದರೆ ಇಳುವರಿ ಏರುತ್ತದೆ. ಏರಿದ ಮೇಲೆ ಹೊಸ ಸಾಲ ಎತ್ತುವ ಸರಕಾರ ಆ ದರವನ್ನೇ ತೆರಬೇಕು. 2024-25ರ ಕೇಂದ್ರ ಬಜೆಟ್ಟಿನ 48 ಲಕ್ಷ ಕೋಟಿ ರೂ. ಅಂದಾಜು ವೆಚ್ಚದಲ್ಲಿ 11.6 ಲಕ್ಷ ಕೋಟಿ ರೂ. ಬಡ್ಡಿಗೇ ಹೋಯಿತೆಂದರೆ ಇದು ಸಣ್ಣ ಮಾತಲ್ಲ.

ಇಳುವರಿ ಎಷ್ಟು ಹೊಯ್ದಾಡೀತು ಎಂದು ಅಳೆಯುವ ಗಣಿತವೊಂದಿದೆ. 1982ರಲ್ಲಿ ರಾಬರ್ಟ್ ಎಂಗಲ್ ಎಂಬ ಪಂಡಿತರು ಅದಕ್ಕೆ ಬುನಾದಿ ಹಾಕಿದರು. 2003ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅದರ ಸಾರ ಇಷ್ಟೇ: ದೊಡ್ಡ ಏರಿಳಿತದ ಹಿಂದೆ ದೊಡ್ಡ ಏರಿಳಿತ, ಶಾಂತಿಯ ಹಿಂದೆ ಶಾಂತಿ. ಒಂದು ದಿನ ಕೆರಳಿದ ತರಗತಿ ಮರುದಿನವೇ ತಣ್ಣಗಾಗದು ಎಂಬುದನ್ನು ಪಾಠ ಹೇಳಿದವರೆಲ್ಲ ಬಲ್ಲರು. ಆದರೆ ಈ ಗಣಿತ ಓದುವುದು ನಿನ್ನೆಯ ಅಂಕಿಗಳನ್ನು. ಹೊರಗಿನಿಂದ ಬೀಳುವ ಮೊದಲ ಪೆಟ್ಟು ಅದಕ್ಕೆ ಕಾಣಿಸದು.

2013ರಲ್ಲಿ ಆದದ್ದು ಅದೇ. ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬರ್ನಾಂಕಿಯವರು, ತಾವು ಪೇಟೆಗೆ ಸುರಿಯುತ್ತಿದ್ದ ಹಣವನ್ನು ಮುಂದೆ ಕಡಿಮೆ ಮಾಡಬಹುದೆಂದರು. ಪರದೇಶದ ಹಣ ನಮ್ಮ ದೇಶ ಬಿಟ್ಟು ಓಡಿತು, ರೂಪಾಯಿ ಕುಸಿಯಿತು. ಜುಲೈ 15ರಂದು ರಿಸರ್ವ್ ಬ್ಯಾಂಕು, ಬ್ಯಾಂಕುಗಳು ತನ್ನಿಂದ ತುರ್ತಿಗೆ ಪಡೆಯುವ ಸಾಲದ ದರವನ್ನು ಶೇಕಡಾ 8.25ರಿಂದ 10.25ಕ್ಕೆ ಏರಿಸಿತು. ಮೇ ತಿಂಗಳಲ್ಲಿ ಶೇಕಡಾ 7ರ ಆಸುಪಾಸಿನಲ್ಲಿದ್ದ ಹತ್ತು ವರ್ಷದ ಪತ್ರದ ಇಳುವರಿ ಆಗಸ್ಟಿನಲ್ಲಿ 9ನ್ನು ದಾಟಿತು.

ಪತ್ರ ಹಿಡಿದ ಬ್ಯಾಂಕುಗಳಿಗೆ ನಷ್ಟ ಎದುರಾಯಿತು. ಆಗಸ್ಟ್ 20ರಂದು ಅವಕ್ಕೆ ಆಸರೆ ದೊರೆಯಿತು: ಪತ್ರಗಳಲ್ಲಿ ಕೆಲವನ್ನು ಜುಲೈ 15ರ ಬೆಲೆಯಲ್ಲೇ ಲೆಕ್ಕಕ್ಕೆ ಹಿಡಿದು, ಅವಧಿ ಮುಗಿಯುವ ತನಕ ಇಟ್ಟುಕೊಳ್ಳುವ ಖಾತೆಗೆ ಸರಿಸಬಹುದು, ಉಳಿದ ನಷ್ಟವನ್ನು ವರ್ಷದ ಉಳಿದ ತಿಂಗಳುಗಳ ಮೇಲೆ ಹಂಚಬಹುದು. ಇದನ್ನು ನಾವು ತಪ್ಪೆನ್ನುವುದಿಲ್ಲ. ಬ್ಯಾಂಕಿನಲ್ಲಿರುವುದು ಜನರ ಠೇವಣಿಯೇ. ಆದರೆ ಅದೇ ದಿನಗಳಲ್ಲಿ ಹಲವು ಬ್ಯಾಂಕುಗಳು ಸಾಲದ ಬಡ್ಡಿ ಏರಿಸಿದವು. ತನ್ನ ಬಡ್ಡಿಯನ್ನು ಜುಲೈ 15ರ ದರದಲ್ಲೇ ಲೆಕ್ಕ ಹಾಕಿರೆಂದು ಅಂಗಡಿಯವನು ಕೇಳಿದ್ದರೆ ಯಾರು ಒಪ್ಪುತ್ತಿದ್ದರು?

ರಿಸರ್ವ್ ಬ್ಯಾಂಕು ವರ್ಷಕ್ಕೆರಡು ಬಾರಿ ಹೊರಡಿಸುವ ವರದಿಯಲ್ಲಿ, ಇಳುವರಿ ಇಷ್ಟು ಏರಿದರೆ ಬ್ಯಾಂಕುಗಳಿಗೆ ಎಷ್ಟು ನಷ್ಟ ಎಂಬ ಲೆಕ್ಕವಿರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಲೆಕ್ಕವಿರಲಿ ಎಂದು ನಾವು ಕೇಳುತ್ತೇವೆ: ಸಣ್ಣ ವ್ಯಾಪಾರಿಯ ಕಂತು ಎಷ್ಟು ಏರುತ್ತದೆ, ಬಡ್ಡಿಯ ಹೊರೆಯಿಂದ ಶಾಲೆ, ಆಸ್ಪತ್ರೆಗಳ ಹಣ ಎಷ್ಟು ಮೊಟಕಾಗುತ್ತದೆ? ಹಾಗೆಯೇ ಗಾಳಿ ಎದ್ದಾಗ ಬ್ಯಾಂಕಿಗೆ ಕೊಡುವ ಗಡುವನ್ನು ಅದರ ಸಣ್ಣ ಸಾಲಗಾರನಿಗೂ ಕೊಡಲಿ.

ಗಾಳಿಯನ್ನು ಅಳೆಯುವ ಯಂತ್ರದ ಮೇಲೆ ನಮಗೆ ಸಿಟ್ಟಿಲ್ಲ. ದೊಡ್ಡ ಹಡಗಿಗೆ ಲಂಗರು ಕೊಟ್ಟವರು ತೆಪ್ಪದವನಿಗೆ ಈಜು ಎಂದರೆ, ಅದನ್ನು ನ್ಯಾಯವೆಂದು ಒಪ್ಪಲಾರೆವು.