ಎತ್ತಿನ ಹಲ್ಲು, ಗಾಡಿಯ ನಂಬರು

ಹೊರ್ತಿ ಕಡೆಯ ರೈತ ಎತ್ತು ಕೊಳ್ಳಲು ಹೋದರೆ ಮಾರುವವನ ಮಾತಿಗೆ ಮೊದಲು ಕಿವಿಗೊಡುವುದಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಕೆಳದವಡೆಯಲ್ಲಿ ಹಾಲುಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬಂದಿದ್ದರೆ ಅದು ಎರಡು ಹಲ್ಲಿನ ಹೋರಿ. ವಯಸ್ಸು ಎರಡು, ಎರಡೂವರೆ ವರ್ಷ. ಎಂಟೂ ಹಲ್ಲು ಬಂದು ಬಾಯಿ ಕೂಡಿದ್ದರೆ ಐದರ ಆಸುಪಾಸು. ಮುಂದಿನದೆಲ್ಲ ಹಲ್ಲಿನ ಸವೆತ ನೋಡಿ ಮಾಡುವ ಅಂದಾಜು. ಕೊಂಬು ಹೆರೆಸಿ, ಎಣ್ಣೆ ಹಚ್ಚಿ, ಬಣ್ಣ ಬಳಿದು ತಂದ ಖಿಲಾರಿ ಎತ್ತಿನ ಅಂದ ಅವನಿಗೂ ಮೆಚ್ಚುಗೆಯೇ. ಆದರೆ ದುಡ್ಡು ಬಿಚ್ಚುವುದು ಹಲ್ಲು ನೋಡಿದ ಮೇಲೆ.

ಹಳೆಯ ವಾಹನಕ್ಕೂ ಹಲ್ಲುಗಳಿವೆ. ಅವು ಇಂಜಿನ್ ಮತ್ತು ಚಾಸಿಯ ಮೇಲೆ ಕಾರ್ಖಾನೆಯವರು ಒತ್ತಿದ ಅಂಕಿಗಳು. ಬಣ್ಣ, ಬಿಲ್ಲೆ, ಸೀಟು ಎಲ್ಲವನ್ನೂ ಬದಲಿಸಬಹುದು. ಈ ಅಂಕಿಗಳನ್ನು ಮಾತ್ರ ನೋಂದಣಿ ಪುಸ್ತಕಕ್ಕೆ ಹೋಲಿಸಿ ನೋಡಲೇಬೇಕು.

ಹೀಗೊಂದು ಸಂದರ್ಭ ಭಾವಿಸಿಕೊಳ್ಳಿ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಬದಿಯ ಊರು ಹೊರ್ತಿ. ಅಲ್ಲಿಯ ಒಂದು ಮನೆಯ ಪಡಸಾಲೆಯಲ್ಲಿ ಮುತ್ಯಾನ ಕಾಲದ ಮೋಟಾರ್‌ಸೈಕಲ್ ನಿಂತಿದೆ. ಮನೆಯ ಮಗಳಿಗೆ ದೂರದ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಹಾಸ್ಟೆಲ್ ಶುಲ್ಕ ಹೊಂದಿಸಬೇಕು. ಗಾಡಿ ಮಾರುವುದೆಂದು ತೀರ್ಮಾನವಾಗಿದೆ. ಟ್ಯಾಂಕಿನ ಮೇಲೆ ಜಾವಾ ಬಿಲ್ಲೆಯಿದೆ. ಊರವರಿಗೂ ಅದು ‘ಮುತ್ಯಾನ ಜಾವಾ’. ದಲಾಲಿಯೊಬ್ಬ ಬಂದು ನೋಡಿ, ‘ಒರಿಜಿನಲ್ ಜಾವಾ’ ಎಂದು ಜಾಹೀರಾತು ಕೊಟ್ಟರೆ ಒಳ್ಳೆಯ ರೇಟು ಬರುತ್ತದೆ ಎಂದಿದ್ದಾನೆ. ಜಾಹೀರಾತು ಬರೆಯುವ ಕೆಲಸ ಮಗಳ ಪಾಲಿಗೆ ಬಂದಿದೆ. ಅವಳು ಪುಸ್ತಕ ತೆಗೆದು ನೋಡಿದ್ದಾಳೆ.

‘ಅಪ್ಪಾ, ಆರ್‌ಸಿಯೊಳಗ ಯೆಜ್ದಿ ಅಂತ ಐತಿ. ಎಪ್ಪತ್ತಾರನೇ ಇಸ್ವಿ.’

‘ಊರೆಲ್ಲ ಜಾವಾ ಅಂತಾರವ್ವಾ. ನಿಮ್ಮ ಮುತ್ಯಾನೂ ಹಂಗ ಅಂತಿದ್ದ. ಅದೇನು ಸುಳ್ಳು ಆಗತೈತೇನು?’

ಅಪ್ಪನ ಪ್ರಶ್ನೆ ಹುರುಳಿಲ್ಲದ್ದಲ್ಲ. ಅದಕ್ಕೆ ಉತ್ತರ ಮೈಸೂರಿನ ಚರಿತ್ರೆಯಲ್ಲಿದೆ.

ಜಾವಾ ಮೂಲತಃ ಜೆಕೊಸ್ಲೊವಾಕಿಯದ ಕಂಪೆನಿ. 1929ರಲ್ಲಿ ಅದನ್ನು ಕಟ್ಟಿದವರು ಫ್ರಾಂಟಿಶೆಕ್ ಯಾನೆಚೆಕ್. ಅವರ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಗಾಡಿಯ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟರು. ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿದ ಐಡಿಯಲ್ ಜಾವಾ ಕಾರ್ಖಾನೆ, ಅವರ ಪರವಾನಗಿ ಪಡೆದು 1961ರಿಂದ ಗಾಡಿ ತಯಾರಿಸತೊಡಗಿತು. ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಇಂಜಿನ್, ಕಿಕ್ ಹೊಡೆಯಲೂ ಗೇರ್ ಹಾಕಲೂ ಒಂದೇ ಲಿವರ್. 1973ರಿಂದ ಇದೇ ಕಾರ್ಖಾನೆಯ ಗಾಡಿಗಳು ‘ಯೆಜ್ದಿ’ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ, ಯೆಜ್ದಿ ಹೆಸರಿನ ಹೊಸ ಗಾಡಿಗಳು ಕ್ರಮವಾಗಿ 2018 ಮತ್ತು 2022ರಲ್ಲಿ ಮಾರುಕಟ್ಟೆಗೆ ಬಂದವಾದರೂ ಅವು ಬೇರೆ ಇಂಜಿನ್ನಿನ, ಬೇರೆ ಕಾಲದ ಗಾಡಿಗಳು.

ಆರಂಭದ ಯೆಜ್ದಿಗಳು ನೋಟಕ್ಕೆ ಜಾವಾದ ತಮ್ಮಂದಿರಂತೆಯೇ ಇದ್ದವು. ಹೀಗಾಗಿ ಹಳೆಯ ಜಾವಾದ ಟ್ಯಾಂಕ್ ತಂದು ಯೆಜ್ದಿಗೆ ಕೂರಿಸಿದರೆ ಸಾಮಾನ್ಯರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಮುತ್ಯಾನ ಗಾಡಿಗೆ ಆದದ್ದೂ ಅದೇ. ಮೊದಲ ಟ್ಯಾಂಕಿಗೆ ತುಕ್ಕು ಹಿಡಿದಾಗ ಗ್ಯಾರೇಜಿನವನು ಕೈಗೆ ಸಿಕ್ಕಿದ್ದನ್ನು ಹಾಕಿದ್ದ. ಅದರಲ್ಲಿ ಮೋಸದ ಉದ್ದೇಶವಿರಲಿಲ್ಲ. ಗಾಡಿ ಓಡಿದರೆ ಸಾಕಿತ್ತು. ಅಂದು ದುರಸ್ತಿಯಾಗಿದ್ದ ಕೆಲಸವೇ ಇಂದು ‘ಒರಿಜಿನಲ್ ಜಾವಾ’ ಎಂಬ ಎರಡು ಪದ ಸೇರಿದರೆ ಮೋಸವಾಗುತ್ತದೆ.

ಇದು ನಮ್ಮಲ್ಲಷ್ಟೇ ಇರುವ ತೊಡಕಲ್ಲ. ಅಮೆರಿಕದಲ್ಲಿ ‘ಮಸಲ್ ಕಾರ್’ ಎಂಬ ಬಗೆಯ ಹಳೆಯ ಕಾರುಗಳಿಗೆ ಭಾರಿ ಬೇಡಿಕೆ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಬಲಿಷ್ಠ ಇಂಜಿನ್ ಜೋಡಿಸಿದ್ದೇ ಅವುಗಳ ವಿಶೇಷ. ಇವುಗಳಲ್ಲಿ ಪ್ರಸಿದ್ಧವಾದದ್ದು 1964ರ ಪೊಂಟಿಯಾಕ್ ಜಿಟಿಒ. ಆದರೆ 1964 ಮತ್ತು 1965ರಲ್ಲಿ ಅದು ಪ್ರತ್ಯೇಕ ಮಾದರಿಯೇ ಆಗಿರಲಿಲ್ಲ. ಲೆಮಾನ್ಸ್ ಎಂಬ ಸಾಧಾರಣ ಕಾರಿಗೆ ಹೆಚ್ಚಿನ ಹಣ ಕೊಟ್ಟು ಸೇರಿಸಿಕೊಳ್ಳುವ ಸೌಲಭ್ಯಗಳ ಗಂಟು ಅದು. ಆದ್ದರಿಂದ ಆ ಎರಡು ವರ್ಷಗಳ ಕಾರು ಜಿಟಿಒ ಹೌದೋ ಅಲ್ಲವೋ ಎಂಬುದು ಅದರ ಗುರುತು ಸಂಖ್ಯೆಯಿಂದ ತಿಳಿಯುವುದಿಲ್ಲ. ಕಾರ್ಖಾನೆಯ ದಾಖಲೆಯನ್ನೇ ನೋಡಬೇಕು. 1966ರಲ್ಲಿ ಪ್ರತ್ಯೇಕ ಮಾದರಿಯಾದ ಮೇಲೆ ಗುರುತು ಸಂಖ್ಯೆ 242 ಎಂಬ ಅಂಕಿಗಳಿಂದ ಶುರುವಾಯಿತು. ಸಾಧಾರಣ ಲೆಮಾನ್ಸ್‌ಗೆ ಬಿಲ್ಲೆ, ಇಂಜಿನ್ ಜೋಡಿಸಿ ಜಿಟಿಒ ರೂಪ ಕೊಡುವವರು ಅಲ್ಲಿ ಹಲವರು. ಹಾಗೆ ಮಾಡಿದ್ದನ್ನು ‘ಕ್ಲೋನ್’ ಎಂದು ಬಾಯಿಬಿಟ್ಟು ಹೇಳಿ ಮಾರಿದರೆ ಯಾರದ್ದೂ ತಕರಾರಿಲ್ಲ. ಕಾರು ಅದೇ, ಕೆಲಸ ಅದೇ. ಹೇಳದೆ ಮಾರಿದರೆ ಮಾತ್ರ ವಂಚನೆ.

ಹಾಗಾದರೆ ರಿಪೇರಿ ಮಾಡಿಸಿದ್ದನ್ನು ಒಪ್ಪಿಕೊಂಡರೆ ವಸ್ತುವಿನ ಮಾನ ಹೋಗುತ್ತದೆಯೇ? ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಕನ್ನಡ ನಾಡಿನ ಎಷ್ಟೋ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಭೂಮಿ ದತ್ತಿ ಬಿಟ್ಟ ಮಾತು ಬರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು ಇದ್ದರೆ ಸರಿಪಡಿಸಲು ಎಂದು ಅದರರ್ಥ. ಗುಡಿ ಕೆಡುತ್ತದೆ, ರಿಪೇರಿ ಬೇಕಾಗುತ್ತದೆ ಎಂಬುದನ್ನು ಅವರು ಕಲ್ಲಿನ ಮೇಲೆಯೇ ಬರೆಸಿದರು. ಜೀರ್ಣೋದ್ಧಾರ ಗೌರವದ ಪದ. ಅದನ್ನು ‘ಮೂಲ’ ಎಂದು ಕರೆದಾಗಲೇ ತಪ್ಪು.

ದಲಾಲಿ ಬಿಡುವವನಲ್ಲ. ಅವನ ವಾದ ಬೇರೆ. ‘ಕಾಕಾ, ನೀವು ಜಾವಾ ಅಂತ ಬರೀಬ್ಯಾಡ್ರಿ. ಸುಮ್ಮ ಫೋಟೋ ಹಾಕ್ರಿ. ಬಿಲ್ಲೆ ನೋಡಿ ಅವರs ತಿಳ್ಕೊಂತಾರ. ಕೇಳದ ಮಾತು ನಾವಾಗಿ ಯಾಕ ಹೇಳಬೇಕ್ರಿ?’

ಕಾನೂನು ಓದುವ ವಿದ್ಯಾರ್ಥಿಗಳಿಗೆ ಈ ವಾದ ಹೊಸದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಬರೀ ಸುಮ್ಮನಿರುವುದು ವಂಚನೆಯಲ್ಲ ಎಂದು ಅದೇ ಹೇಳುತ್ತದೆ. ಅಲ್ಲಿಯ ಉದಾಹರಣೆ ಕುದುರೆಯದು. ಕುದುರೆಗೆ ದೋಷವಿದೆಯೆಂದು ಗೊತ್ತಿದ್ದೂ ಹರಾಜಿನಲ್ಲಿ ಮಾರುವವನು ಏನೂ ಹೇಳದಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು, ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ ಎಂದಾಗ ಬಾಯಿ ಮುಚ್ಚಿ ನಿಂತರೆ, ಆ ಮೌನವೇ ಮಾತಾಗುತ್ತದೆ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ತನ್ನ ಮಗಳಾಗಿದ್ದರೆ ತಂದೆ ಹೇಳಲೇಬೇಕು. ತಿಳಿದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದಂತೂ ವಂಚನೆಯೇ. ಮುತ್ಯಾನ ಗಾಡಿಯ ಟ್ಯಾಂಕಿನ ಮೇಲಿನ ಬಿಲ್ಲೆ ಸುಮ್ಮನಿಲ್ಲ. ನೋಡಿದವರಿಗೆಲ್ಲ ಅದು ‘ಜಾವಾ’ ಎಂದು ಹೇಳುತ್ತಲೇ ಇದೆ.

ಅಪ್ಪನ ಪ್ರಶ್ನೆಗೂ ಕಾಯ್ದೆಯಲ್ಲಿ ಉತ್ತರವಿದೆ. ತಾನು ನಂಬಿದ್ದರೂ ಸರಿ, ಸಾಕಷ್ಟು ಆಧಾರವಿಲ್ಲದೆ ನಿಜವಲ್ಲದ್ದನ್ನು ಖಚಿತವಾಗಿ ಹೇಳಿದರೆ ಅದು ತಪ್ಪು ನಿರೂಪಣೆ ಎನ್ನುತ್ತದೆ 18ನೇ ಕಲಮು. ಊರವರ ಮಾತು ಆಧಾರವಾಗದು. ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕೆಂದು 1930ರ ಸರಕು ಮಾರಾಟ ಕಾಯ್ದೆಯೂ ಹೇಳುತ್ತದೆ. ಜೊತೆಗೆ, 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ, ಹೆಚ್ಚಿನ ಮಾರ್ಪಾಡಾಗದ ವಾಹನಕ್ಕೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ‘ಒರಿಜಿನಲ್’ ಎಂಬ ಮಾತು ನಂಬಿ ಅದಕ್ಕೆಂದೇ ಕೊಳ್ಳುವವನಿಗೆ ಆ ಒಂದು ಪದದಿಂದ ಎಷ್ಟು ನಷ್ಟವಾದೀತು!

ಕೊಳ್ಳುವವರೂ ಕಣ್ಣು ಮುಚ್ಚಿ ಕೂರಬಾರದು. ಎರಡೂ ನಂಬರುಗಳನ್ನು ಆರ್‌ಸಿಗೆ ಹೋಲಿಸಿ ನೋಡಬೇಕು. ಅಂಕಿಗಳ ಸುತ್ತ ಉಜ್ಜಿದ, ಮತ್ತೆ ಒತ್ತಿದ ಗುರುತುಗಳಿದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಬೇಕು. ಟ್ಯಾಂಕಿನ ಮೇಲೆ ಸಣ್ಣ ಅಯಸ್ಕಾಂತ ಆಡಿಸಿದರೆ ದಪ್ಪಗೆ ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ‘ಒರಿಜಿನಲ್ಲಾ?’ ಎಂದು ಕೇಳಿದರೆ ‘ಹೌದು’ ಎಂದಷ್ಟೇ ಉತ್ತರ ಬರುತ್ತದೆ. ‘ಯಾವ ಯಾವ ಭಾಗ ಬದಲಾಗಿದೆ?’ ಎಂದು ಕೇಳಬೇಕು. ಬಂದ ಉತ್ತರವನ್ನು ಬರೆಸಿಕೊಳ್ಳಬೇಕು.

ಹೊರ್ತಿಯ ಮನೆಯಲ್ಲಿ ತೀರ್ಪು ಕೊಟ್ಟದ್ದು ಕಾಯ್ದೆಯಲ್ಲ, ಅವ್ವ. ರೊಟ್ಟಿ ಬಡಿಯುತ್ತಲೇ ಅಂದಳು: ‘ಎತ್ತಿನ ಬಾಯಿ ಬಿಗಿಹಿಡಿದು ಮಾರಿದಂಗ ಆತು. ಆ ರೊಕ್ಕದಾಗ ಕೂಸು ಏನು ಓದತೈತಿ?’

ಮಗಳು ಬರೆದ ಜಾಹೀರಾತು ಹೀಗಿತ್ತು: ‘ಯೆಜ್ದಿ, 1976ರ ನೋಂದಣಿ, ಒಂದೇ ಮನೆತನದ್ದು. ಇಂಜಿನ್, ಚಾಸಿ ನಂಬರುಗಳು ಆರ್‌ಸಿಗೆ ಹೊಂದುತ್ತವೆ. ಟ್ಯಾಂಕು ಹಳೆಯ ಜಾವಾದ್ದು, ನಂತರ ಹಾಕಿಸಿದ್ದು. ಬಣ್ಣ ಎರಡು ಸಲ ಆಗಿದೆ. ಸೀಟು ಹೊಸದು. ಗ್ಯಾರೇಜಿನ ಚೀಟಿಗಳಿವೆ. ಬಂದು ನೋಡಬಹುದು.’

ಇದಕ್ಕೆ ಬರುವ ರೇಟು ದಲಾಲಿ ಹೇಳಿದ್ದಕ್ಕಿಂತ ಕಡಿಮೆಯೇ. ಹಾಸ್ಟೆಲ್ ಶುಲ್ಕದ ಉಳಿದ ಪಾಲಿಗೆ ಅಪ್ಪ ಬೇರೆ ದಾರಿ ಹುಡುಕಬೇಕು. ಪ್ರಾಮಾಣಿಕತೆಗೆ ಖರ್ಚಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುವುದು ಬೇಡ, ಖರ್ಚಿದೆ. ಆದರೆ ನಾಳೆ ಕಾಲೇಜಿನಲ್ಲಿ ಬೇರೆಯವರ ಪ್ರಾಜೆಕ್ಟ್ ವರದಿಗೆ ತನ್ನ ಹೆಸರಿನ ಹೊದಿಕೆ ಹಾಕಿ ಕೊಡುವ ಅವಕಾಶ ಬಂದಾಗ, ಈ ಹುಡುಗಿಗೆ ಟ್ಯಾಂಕಿನ ಮೇಲಿನ ಆ ಬಿಲ್ಲೆ ನೆನಪಾಗದೆ ಇರದು. ಮನೆಯಲ್ಲಿ ಅವಳಿಗೆ ಸಿಕ್ಕ ಮೊದಲ ಪಾಠಕ್ಕೆ ಅಪ್ಪ ಕೊಟ್ಟ ಶುಲ್ಕ ಅದು.